ಜಂಗಮ ಅಂದರೆ ಸ್ವಾಮಿಗಳೋ, ಮೊಬೈಲೋ?

ಜಂಗಮ ಅಂದರೆ ಸ್ವಾಮಿಗಳು ತಾನೇ, ಮತ್ತೆ ಮೊಬೈಲಿಗೆ ಯಾಕೆ ಜಂಗಮವಾಣಿ ಅಂತಾರೆ ಅಂತ ಕೇಳಿದ್ದೀರಿ. ಮೊಬೈಲಿಗೂ ಸ್ವಾಮಿಗಳಿಗೂ ಸಂಬಂಧ ಇಲ್ಲ. ಮೂಲ ಅರ್ಥ ಸುಮ್ನೆ 'ಚಲಿಸುವಂಥದ್ದು' ಅಂತ, ಅಷ್ಟೇ. ಸಂಸ್ಕೃತದ 'ಗಮ್', ಅಂದರೆ ಹೋಗು, ಅದರಿಂದ ಬಂದ ಪದ. ಇದರ ಎದುರು ಪದ ಸ್ಥಾವರ. ಹಾಗಾಗಿ ಗಿಡಮರ, ಬೆಟ್ಟ ಎಲ್ಲ ಸ್ಥಾವರ, ಓಡಾಡುವ ಪ್ರಾಣಿಗಳು, ನಾವು ನೀವು ಎಲ್ಲ ಜಂಗಮ.

ಅರ್ಥ ನಿಜಕ್ಕೂ ಬೆಳೆದದ್ದು 12ನೇ ಶತಮಾನದ ಶರಣರ ಕೈಯಲ್ಲಿ. ಒಂದೇ ಕಡೆ ನೆಲೆ ನಿಲ್ಲದೆ ಊರೂರು ಸುತ್ತಿ ಧರ್ಮ ಹೇಳುವವರು ಜಂಗಮರಾದರು, ಅಷ್ಟಾವರಣಗಳಲ್ಲಿ, ಅಂದರೆ ಭಕ್ತನನ್ನು ಕಾಯುತ್ತವೆ ಅಂತ ಲಿಂಗಾಯತರು ನಂಬುವ ಎಂಟರಲ್ಲಿ, ಗುರು, ಲಿಂಗದ ಜೊತೆಗೇ ಜಂಗಮಕ್ಕೂ ಜಾಗ ಸಿಕ್ಕಿತು, ಇನ್ನು ಸ್ಥಾವರ ಅಳಿಯುತ್ತದೆ ಜಂಗಮ ಅಳಿಯುವುದಿಲ್ಲ ಅನ್ನುವ ಬಸವಣ್ಣನವರ ಮಾತಂತೂ ನಿಮಗೆ ಗೊತ್ತಿರುವುದೇ. ಆಮೇಲೆ ಅದು ಒಂದು ಸಮುದಾಯದ ಹೆಸರೂ ಆಯಿತು.

ಬಳಸುವಾಗ ಒಂದು ನೋಡಿಕೊಳ್ಳಿ. ಆಸ್ತಿಪತ್ರದಲ್ಲಿ ಚರಾಸ್ತಿ, ಸ್ಥಿರಾಸ್ತಿ ಅಂತಲೇ ಬರೆಯಿರಿ, ಜಂಗಮ ಆಸ್ತಿ ಅಂದರೆ ಮಠದ್ದು ಅಂದುಕೊಂಡಾರು! ಜಂಗಮವಾಣಿ ಬರವಣಿಗೆಯಲ್ಲಿ ಚೆಂದ. ಮಾತಿನಲ್ಲಿ ಜಾಸ್ತಿ ಯಾರೂ ಹೇಳುವುದಿಲ್ಲ, ಮೊಬೈಲ್ ಅಂದರೆ ಸಾಕು.