ದಾಳದಂಥ ಗ್ರಹದಲ್ಲಿ ‘ಕೆಳಗೆ’ ಎಂದರೆ ಯಾವ ಕಡೆ?

ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪತ್ರ: ‘ಭೂಮಿ ಲೂಡೋ ದಾಳದಂತಿದ್ದು, ಅದರ ಅಂಚಿಗೆ ನಡೆದುಹೋದರೆ ಏನಾಗುತ್ತದೆ ಎಂದು ಮಕ್ಕಳು ಕೇಳಿದರು. ಚಿತ್ರದುರ್ಗದ ಕೋಟೆ ನೋಡಿ ಬಂದವರಾದ್ದರಿಂದ, ಬಂಡೆಯ ಅಂಚಿನಿಂದ ಬಿದ್ದಂತೆ ಆಚೆ ಬೀಳುತ್ತಾರೆ ಎಂಬುದು ಅವರ ವಾದ. ಗುರುತ್ವ ಸದಾ ಕೇಂದ್ರದತ್ತ ಎಳೆಯುವುದರಿಂದ ಬೀಳುವುದಿಲ್ಲ ಎಂದೆ. ಸರಿಯೇ?’

ಸಂಪಾದಕರ ಉತ್ತರ:

ಮಾನ್ಯರೇ, ಆಕಾಶಕ್ಕೆ ಬೀಳುವುದಿಲ್ಲ ಎಂಬ ತಮ್ಮ ತೀರ್ಮಾನ ಸರಿಯಾಗಿದೆ; ಕೊಟ್ಟ ಕಾರಣವನ್ನು ಮಾತ್ರ ತುಸು ತಿದ್ದಬೇಕು.

ಕೋಟೆಯ ಬಂಡೆಯ ಮೇಲೆ ನಿಂತವರನ್ನು ಎಳೆಯುವುದು ಬಹುಮಟ್ಟಿಗೆ ಆ ಬಂಡೆಯಲ್ಲ, ಅದರಡಿಯ ಇಡೀ ಭೂಮಿ. ದಾಳದಂಥ ಗ್ರಹದಲ್ಲಾದರೋ ಎಳೆಯುವುದು ಆ ದಾಳವೇ. ಹಾಗಾಗಿ ಒಂದು ಮುಖದ ನಟ್ಟನಡುವೆ ನೆಲ ಸಮತಟ್ಟಾಗಿ ತೋರಿದರೂ, ಅಲ್ಲಿಂದ ಅಂಚಿನತ್ತ ಹೊರಟವರಿಗೆ ಕಣ್ಣಿಗೆ ನೇರವಾಗಿ ಕಾಣುವ ಅದೇ ನೆಲ ಏರುತ್ತಲೇ ಹೋಗುತ್ತದೆ. ಗಾರೆಯವರ ತೂಕದ ಗುಂಡನ್ನು ಇಳಿಬಿಟ್ಟರೆ ಅದು ಮುಖದ ನಡುವಿನ ಕಡೆಗೆ ವಾಲುತ್ತದೆ. ಅಂಚಿನ ಮಧ್ಯದಲ್ಲಿ ಇಳಿಜಾರು 45 ಡಿಗ್ರಿ, ಮೂಲೆಯಲ್ಲಿ ಸುಮಾರು 55 ಡಿಗ್ರಿ. ಅಂಚೆಂಬುದು ಅಲ್ಲಿ ಕಡಿದಾದ ಬೆಟ್ಟದ ನೆತ್ತಿ. ಕಾಲು ಜಾರಿದರೆ ಬಂದ ಮುಖಕ್ಕೋ ಆಚೆಯ ಮುಖಕ್ಕೋ ಉರುಳುತ್ತೇವೆ. ಆ ಮಟ್ಟಿಗೆ ಮಕ್ಕಳ ಮಾತಿನಲ್ಲೂ ಹುರುಳಿದೆ.

ಬೆಟ್ಟವಾದರೂ ಎಂಥದು! ಭೂಮಿಯಷ್ಟೇ ಗಾತ್ರದ ದಾಳದ ಒಂದು ಬದಿ ಸುಮಾರು 10,270 ಕಿಲೋಮೀಟರ್ ಆಗುತ್ತದೆ. ಮುಖದ ನಡುವಿಗಿಂತ ಮೂಲೆಯು ಕೇಂದ್ರದಿಂದ 3,700 ಕಿಲೋಮೀಟರಿಗೂ ಹೆಚ್ಚು ದೂರವಿರುತ್ತದೆ. ನೀರು ಮುಖದ ತುಂಬ ಹರಡದೆ ನಡುವೆ ಗುಮ್ಮಟದಂತೆ ಉಬ್ಬಿ ನಿಲ್ಲುತ್ತದೆ. ನಮ್ಮ ಸೂಳೆಕೆರೆಯ ನೀರೂ ಭೂಮಿಯ ಮೈಯಂತೆ ಬಾಗಿಯೇ ಇದೆ, ಕಣ್ಣಿಗೆ ತಿಳಿಯದಷ್ಟೇ. ಗಾಳಿಯೂ ಹಾಗೆಯೇ ನಡುವೆ ಸೇರುವುದರಿಂದ ಅಂಚುಗಳಲ್ಲಿ ಉಸಿರಾಡಲು ಏನೂ ಉಳಿಯುವುದಿಲ್ಲ.

ಇನ್ನು ತಿದ್ದುಪಡಿ. ಎಳೆಯುವುದು ಕೇಂದ್ರವಲ್ಲ, ಗ್ರಹದ ಒಂದೊಂದು ಚೂರೂ ತನ್ನತ್ತ ಎಳೆಯುತ್ತದೆ. ಗೋಳದಲ್ಲಿ ಈ ಸೆಳೆತಗಳೆಲ್ಲ ಕೂಡಿ ಕೇಂದ್ರದಿಂದಲೇ ಬಂದಂತಾಗುತ್ತವೆ ಎಂಬುದನ್ನು ನ್ಯೂಟನ್ 1687ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾಧಿಸಿ ತೋರಿಸಿದರು. ದಾಳದ ಮೈಮೇಲೆ ದಿಕ್ಕಿನ ಮಟ್ಟಿಗೆ ಆ ನಿಯಮ ಮುಖದ ನಡು, ಅಂಚಿನ ನಡು ಮತ್ತು ಮೂಲೆಗಳಲ್ಲಿ ಹೊಂದುತ್ತದೆ. ಉಳಿದೆಡೆ ಸೆಳೆತದ ದಿಕ್ಕು ಸಾಮಾನ್ಯವಾಗಿ ಕೇಂದ್ರದಿಂದ ಅಷ್ಟಿಷ್ಟು ಸರಿದಿರುತ್ತದೆ. 2014ರ ನವೆಂಬರ್ 12ರಂದು ಫಿಲೆ ನೌಕೆ ಇಳಿದು ಪುಟಿದ 67ಪಿ ಧೂಮಕೇತು ಎರಡು ಉಂಡೆಗಳನ್ನು ಅಂಟಿಸಿದಂತಿದೆ. ಅಲ್ಲಿ ‘ಕೆಳಗೆ’ ಯಾವ ಕಡೆ ಎಂಬುದನ್ನು ಜಾಗಜಾಗಕ್ಕೂ ಲೆಕ್ಕ ಹಾಕಿಯೇ ತಿಳಿಯಬೇಕು.

ಭೂಮಿಯಷ್ಟು ದೊಡ್ಡ ದಾಳ ಎಲ್ಲಿಯೂ ಇರಲಾರದು, ಅಂಥ ಮೂಲೆಯ ಭಾರಕ್ಕೆ ಕಲ್ಲೇ ಕುಸಿದು ಗುಂಡಗಾಗುತ್ತದೆ.

ತರಗತಿಯಲ್ಲಿ ಹಲಗೆಯ ಮೇಲೆ ಚೌಕ ಬರೆದು ಹದಿನಾರು ಚೂರು ಮಾಡಿಸಿ. ಚೌಕದ ಒಂದು ಬದಿಯ ಮೇಲೆ, ಮೂಲೆಗೂ ಆ ಬದಿಯ ನಡುವಿಗೂ ಮಧ್ಯದ ಬಿಂದುವಿನಿಂದ ಪ್ರತಿ ಚೂರಿಗೂ ಬಾಣ ಎಳೆಸಿ. ದೂರ ಇಮ್ಮಡಿಯಾದರೆ ಬಾಣ ಕಾಲುಭಾಗವಾಗಲಿ. ಅವನ್ನು ಕೂಡಿಸಿದಾಗ ಬರುವ ಬಾಣ ಕೇಂದ್ರದ ಪಕ್ಕಕ್ಕೆ ಹಾಯುವುದನ್ನು ಮಕ್ಕಳೇ ಕಾಣುತ್ತಾರೆ.