ಚಾರ್ಜರ್ ಕಿತ್ತರೂ ‘ಚಾರ್ಜ್ ಆಗುತ್ತಿದೆ’

ಪ್ರಶ್ನೆ: ಲಿನಕ್ಸ್ ಲ್ಯಾಪ್‌ಟಾಪನ್ನು ಸಸ್ಪೆಂಡ್ ಮಾಡಿ, ಚಾರ್ಜರ್ ಕಿತ್ತು, ಆಮೇಲೆ ಎಬ್ಬಿಸಿದರೆ ಇನ್ನೂ ಕರೆಂಟಿನಲ್ಲೇ ಇದೆ ಎಂದು ತೋರಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಬ್ಯಾಟರಿ ಬದಲಿಸಬೇಕೇ?

ಉತ್ತರ: ಬೇಕಿಲ್ಲ, ದುಡ್ಡು ದಂಡ. ಚಾರ್ಜರ್ ಹಾಕಿದ್ದು, ತೆಗೆದದ್ದನ್ನು ಮದರ್‌ಬೋರ್ಡಿನ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ ಗಮನಿಸಿ ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಿಳಿಸುತ್ತದೆ. ಯಂತ್ರ ನಿದ್ದೆಯಲ್ಲಿದ್ದಾಗ ಈ ಸುದ್ದಿ ಕೆಲವೊಮ್ಮೆ ಕಳೆದುಹೋಗಿ, ಹಳೆಯ ಸ್ಥಿತಿಯೇ ಉಳಿಯುತ್ತದೆ.

ತಪ್ಪು ಎಲ್ಲಿದೆ ಎಂದು ಮೊದಲು ನೋಡಿ. ಎಬ್ಬಿಸಿದ ಕೂಡಲೇ ‘ಸಿಸ್’, ಅದರೊಳಗೆ ‘ಕ್ಲಾಸ್’, ಅದರೊಳಗಿನ ‘ಪವರ್ ಸಪ್ಲೈ’ ಫೋಲ್ಡರಿಗೆ ಹೋಗಿ ಅಡಾಪ್ಟರಿನ ‘ಆನ್‌ಲೈನ್’ ಫೈಲ್ ಓದಿ. 1 ಅಂದರೆ ಚಾರ್ಜರ್ ಇದೆ, 0 ಅಂದರೆ ಇಲ್ಲ. ಅಲ್ಲಿ 0 ಇದ್ದು ಪರದೆಯ ಐಕಾನ್ ಮಾತ್ರ ಸುಳ್ಳು ಹೇಳುತ್ತಿದ್ದರೆ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಐಕಾನಿಗೆ ಪವರ್ ಸ್ಥಿತಿ ತಿಳಿಸುವ ‘ಯುಪವರ್’ ಸರ್ವಿಸನ್ನು ರೀಸ್ಟಾರ್ಟ್ ಮಾಡಿ ನೋಡಿ. ಬಹುಮಟ್ಟಿಗೆ ಅಷ್ಟೇ ಸಾಕು. ಪ್ರತಿ ಸಲ ತಾನಾಗಿಯೇ ಆಗಬೇಕಾದರೆ, ಅದೇ ಆಜ್ಞೆಯ ಪುಟ್ಟ ಸ್ಕ್ರಿಪ್ಟನ್ನು, ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿಯ ‘ಸಿಸ್ಟಮ್-ಸ್ಲೀಪ್’ ಫೋಲ್ಡರಿನಲ್ಲಿಡಿ. ಮೊದಲ ಆರ್ಗ್ಯುಮೆಂಟ್ ‘ಪೋಸ್ಟ್’ ಆಗಿದ್ದಾಗ, ಅಂದರೆ ಯಂತ್ರ ಎದ್ದ ಮೇಲೆ, ಮಾತ್ರ ಓಡಲಿ. ಎಕ್ಸಿಕ್ಯೂಟ್ ಅನುಮತಿ ಕೊಡಲು ಮರೆತರೆ ಅದು ಓಡುವುದೇ ಇಲ್ಲ (ಮರೆಯುವವರೇ ಹೆಚ್ಚು).

ಚಾರ್ಜರ್ ಕಿತ್ತಮೇಲೂ ಫೈಲಿನಲ್ಲೇ 1 ಇದ್ದರೆ ತೊಂದರೆ ಕೆಳಗಿನ ಹಂತದ್ದು: ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದರೆ ಅನೇಕ ಮಾದರಿಗಳಲ್ಲಿ ಆ ಚಿಪ್ ರೀಸೆಟ್ ಆಗುತ್ತದೆ.