ರವದಿ ಸುಡುವುದು ದೊರೆತನ ಅಲ್ಲ, ಬ್ರದರ್
"ಭೂಮಿಯ ಮೇಲೆ ದೊರೆತನ ಮಾಡಿ ಅಂತ ಬೈಬಲಿನ ಆದಿಕಾಂಡದಲ್ಲೇ ಇದೆ. ಹಾಗಿದ್ದರೆ ಕಬ್ಬಿನ ರವದಿ (ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ) ಸುಟ್ಟರೆ ತಪ್ಪೇನು?" ಎಂದು ಗೋಕಾಕದಿಂದ ಕೇಳಿದ್ದೀರಿ.

ಬ್ರದರ್, ಆ ಮಾತು 1:28ರಲ್ಲಿದೆ, ನಿಜ. ಆದರೆ ಸ್ವಲ್ಪ ಮುಂದೆ ಹೋಗಿ 2:15 ಓದಿ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟಿದ್ದು ಅದನ್ನು ಉಳುವುದಕ್ಕೆ ಮತ್ತು ಕಾಯುವುದಕ್ಕೆ. ಅಲ್ಲಿ 'ಕಾಯುವುದು' ಅನ್ನುವುದಕ್ಕೆ ಹೀಬ್ರೂ ಪದ 'ಶಾಮರ್'. ಅರಣ್ಯಕಾಂಡ 6:24ರಲ್ಲಿ ದೇವರು ನಿನ್ನನ್ನು ಕಾಪಾಡಲಿ ಎಂಬ ಆಶೀರ್ವಾದ ಇದೆಯಲ್ಲ, ಆರಾಧನೆ ಮುಗಿಯುವಾಗ ನಾವು ಕೇಳುವುದು, ಅಲ್ಲೂ ಅದೇ ಪದ! ದೇವರು ನಮ್ಮನ್ನು ಕಾಯುವ ಹಾಗೆ ನಾವು ಹೊಲ ಕಾಯಬೇಕು. ನನಗಂತೂ ಇಷ್ಟೇ ಸಾಕು. ಯಾಜಕಕಾಂಡ 25 ಏಳನೇ ವರ್ಷ ಭೂಮಿಗೂ ವಿಶ್ರಾಂತಿ ಕೊಡಿ ಅನ್ನುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಸೃಷ್ಟಿಯ ಕಾಳಜಿ ಬಗ್ಗೆಯೇ ಒಂದು ದೊಡ್ಡ ಪತ್ರ ಬರೆದರು.

ನಾವೂ ಮೊದಲು ಸುಡುತ್ತಿದ್ದೆವು. ಈ ಸಲ ಕಟಾವಾದ ಮೇಲೆ ರವದಿಯನ್ನು ಸಾಲಿನಲ್ಲಿ ಹಾಗೇ ಹರಡಿ ಬಿಟ್ಟೆವು. ಏಪ್ರಿಲ್ ಬಿಸಿಲಲ್ಲಿ ಒಂದು ಹಿಡಿ ಎತ್ತಿ ನೋಡಿದೆ. ಕೆಳಗೆ ಮಣ್ಣು ತಣ್ಣಗೆ, ಹಸಿ ಹಸಿ, ಎರಡು ಎರೆಹುಳು ಬೇರೆ. ಪಕ್ಕದ ಸುಟ್ಟ ಹೊಲ ಬಿರುಕು ಬಿಟ್ಟಿತ್ತು. ಕೂಳೆ ಕಬ್ಬಿಗೆ, ಅಂದರೆ ಕಟಾವಾದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ, ನೀರೂ ಕಡಿಮೆ ಸಾಕಾಯಿತು. ನಿಮ್ಮದು ಈಗ ಕಟಾವಾಗಿದ್ದರೆ ದಯವಿಟ್ಟು ಬೆಂಕಿ ಹಚ್ಚಬೇಡಿ. ಮೊದಲು ಒಂದೇ ಎಕರೆಯಲ್ಲಿ ಹರಡಿ ನೋಡಿ.